ಮೂಗು ಮುಟ್ಟಿದರೆ ಮ

ಮೊನ್ನೆ ನನ್ನ ಅಣ್ಣನ ಮೊಮ್ಮಗಳು ತನ್ನ ಕಂಪನಿಯ ಒಂದು ಕಾಗದದ ಕಟ್ಟು ತಂದು ನನ್ನ ಮುಂದೆ ಹಿಡಿದಳು. ಅಂಗವೈಕಲ್ಯವಿರುವ ನೌಕರರಿಗೆ ಕೆಲಸದ ಜಾಗದಲ್ಲಿ ಏನೇನು ಅನುಕೂಲ ಮಾಡಿಕೊಡಬೇಕು ಎಂಬ ಯೋಜನೆಯಂತೆ. ನುಣುಪು ಕಾಗದ, ಬಣ್ಣದ ಚಿತ್ರ, ಚಿತ್ರದಲ್ಲಿ ಎಲ್ಲರೂ ಹಲ್ಲು ಕಿರಿಯುತ್ತಿದ್ದಾರೆ. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಅಹಮದಾಬಾದಿನಲ್ಲಿ. ಅವಳ ಕನ್ನಡ ಮೂರು ಮಾತಿಗೊಮ್ಮೆ ಎಡವುತ್ತದೆ. "ಅಜ್ಜಿ, ನಿಮ್ಮ ಟೈಮ್‌ದಾಗ ಇಂಥಾದು ಕುಛ್ ಭೀ ಇರಲಿಲ್ಲ ನಾ?" ಎಂದಳು.

"ಇತ್ತವಾ," ಎಂದೆ. "ಒಂದೂವರೆ ಹಾಳಿ ಇತ್ತು. ನಾನ ಬರದಿದ್ದೆ. ಮೇಜು-ಕುರ್ಚಿ ಫೈಲಿನಾಗ ಇಟ್ಟಿದ್ರು."

ಅವಳು ನಕ್ಕಳು. ಮುದುಕಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಳೋ ಏನೋ. ಆ ಒಂದೂವರೆ ಹಾಳೆಯ ಸುದ್ದಿಯನ್ನು ಇಷ್ಟು ವರ್ಷ ನಾನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಬಾಯಿ ಬಿಡಬೇಕಾದ ಹೊತ್ತಿಗೆ ಬಿಡಲಿಲ್ಲ, ಈಗ ಬಿಟ್ಟು ಯಾರನ್ನು ಉದ್ಧಾರ ಮಾಡುವುದಿದೆ? ಆದರೂ ಆ ನುಣುಪು ಕಾಗದ ಮುಟ್ಟಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಾನು ಧಾರವಾಡದವಳು. ಧಾರವಾಡವೂ ಬರೋಡಾವೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲಕ್ಕೆ ಅಣ್ಣನಿಗೆ ರೈಲ್ವೆಯಲ್ಲಿ ಬರೋಡಾಕ್ಕೆ ವರ್ಗವಾಯಿತು. ಅಪ್ಪ, ಅವ್ವ ಇಬ್ಬರೂ ಇರಲಿಲ್ಲ. ಅಣ್ಣ-ವೈನಿಯ ಬೆನ್ನಿಗೆ ನಾನೂ ಬಂದೆ. ಟೈಪಿಂಗ್ ಕಲಿತಿದ್ದೆ, ಪರೀಕ್ಷೆಗೆ ಕೂತೆ, ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತಳಾದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಅಲ್ಲಿದ್ದವರಲ್ಲಿ ಬಹಳ ಜನ ಈಗ ಇಲ್ಲ, ಸತ್ತವರ ಮೇಲೆ ಸಿಟ್ಟು ತೀರಿಸಿಕೊಳ್ಳುವ ಚಟ ನನಗಿಲ್ಲ. ಸಿಟ್ಟಂತೂ ಇದೆ, ಅದು ಬೇರೆ ಮಾತು.

ಆ ಕಚೇರಿಯಲ್ಲಿ ಕನ್ನಡದವರು ಇಬ್ಬರೇ. ನಾನು, ಇನ್ನೊಬ್ಬರು ಗದಗಿನ ಕಡೆಯವರು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷಕ್ಕೆ ಹಿರಿಯರು. ರಾಯರು ಎಂದೇ ಕರೆಯುತ್ತಿದ್ದೆ. ಅವರದು ಆವಕ-ಜಾವಕ ವಿಭಾಗ, ಅಂದರೆ ಬಂದ ಕಾಗದ ಹೋದ ಕಾಗದವನ್ನೆಲ್ಲ ಪುಸ್ತಕದಲ್ಲಿ ಏರಿಸಿ ಅಂಚೆಗೆ ಹಾಕುವ ಕೆಲಸ. ರಾಯರು ನಕ್ಕರೆ ಹೊರಗಿನ ಬೇವಿನ ಮರದ ಕಾಗೆ ಹಾರುತ್ತಿದ್ದವು. ಗುಜರಾತಿಯಲ್ಲಿ ಗುಜರಾತಿಗಳಿಗೇ ಗಾದೆ ಹೇಳುವ ಮನುಷ್ಯ.

ಅಂಥವರಿಗೆ ಕ್ಷಯ ಅಂಟಿತು. ಅರವತ್ತರ ದಶಕದ ಮೊದಲ ವರ್ಷಗಳು ಅವು. ದಿನಕ್ಕೊಂದು ಚುಚ್ಚುಮದ್ದು ಕೊಟ್ಟು ಗುಣ ಮಾಡುತ್ತಿದ್ದರು. ಆಸ್ಪತ್ರೆಯಲ್ಲಿ ವರ್ಷದ ಹತ್ತಿರ ಇದ್ದರು. ಆ ಔಷಧ ಎದೆಯನ್ನು ಉಳಿಸಿಕೊಟ್ಟು ಕಿವಿಯನ್ನು ತೆಗೆದುಕೊಂಡಿತು. ಮೊದಲು ಹಕ್ಕಿಯ ಸದ್ದು ಹೋಯಿತಂತೆ, ಆಮೇಲೆ ಹೆಣ್ಣುಮಕ್ಕಳ ದನಿ, ಕೊನೆಗೆ ಎಲ್ಲವೂ. ಮನೆಯಲ್ಲಿ ಹೆಂಡತಿ, ಇಬ್ಬರು ಸಣ್ಣ ಹೆಣ್ಣುಮಕ್ಕಳು. ಊರಲ್ಲಿ ತಿರುಗಿ ಹೋಗಲು ಹೊಲವಿಲ್ಲ, ಮನೆಯಿಲ್ಲ, ಅಣ್ಣತಮ್ಮಂದಿರಿಲ್ಲ.

ಕೆಲಸಕ್ಕೆ ಮರಳಿ ಬಂದಾಗ ಅಹಮದಾಬಾದಿನ ದೊಡ್ಡ ಕಚೇರಿಯಿಂದ ಒಂದು ಆದೇಶ ಬಂತು. ಆರು ತಿಂಗಳು ಇವರನ್ನು ಇಟ್ಟುಕೊಂಡು ನೋಡಿ. ಆಮೇಲೆ ಸಾಹೇಬರು ಬರೋಡಾಕ್ಕೆ ಬಂದು ಕಣ್ಣಾರೆ ಪರೀಕ್ಷಿಸುತ್ತಾರೆ. ಕಿವಿಯಿಲ್ಲದೆ ಕೆಲಸ ಸಾಗುವುದಾದರೆ ಉಳಿಸಿಕೊಳ್ಳುವುದು, ಸಾಗದಿದ್ದರೆ ವೈದ್ಯಕೀಯ ಕಾರಣ ಕೊಟ್ಟು ಮನೆಗೆ ಕಳಿಸುವುದು. ಇಷ್ಟೇ. ಆರು ತಿಂಗಳ ತುದಿಯಲ್ಲಿ ಆ ಮನುಷ್ಯನ ಕುರ್ಚಿ ಇರುತ್ತದೆ ಇಲ್ಲವೆ ಹೋಗುತ್ತದೆ.

ಆದೇಶ ಬಂದ ವಾರ ಅವರ ಹೆಂಡತಿ ನಮ್ಮ ಮನೆಗೆ ಬಂದರು. ವೈನಿ ಕುಂಕುಮ ಕೊಟ್ಟರು, ಚಹಾ ಕೊಟ್ಟರು. ಚಹಾ ಮುಟ್ಟದೆ ಆಕೆ ನನ್ನ ಕಡೆ ತಿರುಗಿದರು.

"ಬಾಯಾರ, ಅವರು ಬಾಯಿ ನೋಡಿ ಮಾತು ತಿಳಕೋತಾರ. ದವಾಖಾನ್ಯಾಗ ಮಂಚದ ಮುಂದ ಕೂತು ನಾನ ರೂಢಿ ಮಾಡಿಸೇನಿ. ಖರೇ ಅಂದ್ರ ಕನ್ನಡ ಅಷ್ಟ ತಿಳೀತದ. ಗುಜರಾತಿ, ಹಿಂದಿ, ಇಂಗ್ಲೀಷು ಯಾವದೂ ತುಟಿ ಮ್ಯಾಲೆ ಹತ್ತವಲ್ದು. ನಿಮ್ಮ ಆಫೀಸಿನಾಗ ಕನ್ನಡ ಬಾಯಿ ಅಂದ್ರ ನಿಮ್ಮದೊಂದ. ನೀವು ಅವರ ಎದುರಿಗೆ ಕೂಡ್ರಿ. ಅಷ್ಟ ಮಾಡಿದ್ರ ಸಾಕು, ನಮ್ಮ ಮನಿ ಉಳೀತದ."

"ಅಯ್ಯ, ಅದೇನ್ ದೊಡ್ಡ ಮಾತರಿ. ಕೂಡ್ತೀನಿ," ಎಂದೆ. ಎಷ್ಟು ಸಲೀಸಾಗಿ ಅಂದೆ ನೋಡಿ.

"ಇನ್ನೊಂದದ," ಎಂದರು ಆಕೆ. "ಬ ಮತ್ತ ಮ ತುಟಿ ಮ್ಯಾಲೆ ಒಂದ ನಮೂನಿ ಕಾಣತಾವ. ಎರಡಕ್ಕೂ ತುಟಿ ಮುಚ್ಚೇ ತೆರೀಬೇಕಲ್ಲ. ಮೊನ್ನೆ ನಾ 'ನಿಮ್ಮ ಮಾವ ಬಂದಾರ' ಅಂದೆ. ಅವರು 'ಭಾವ ಬಂದಾರ' ಅಂತ ತಿಳಕೊಂಡು, ಜೋಕ್ ಹೊಡಕೋತ ಹೊರಗ ಹೋದ್ರು. ಹೊರಗ ನಮ್ಮಪ್ಪ ನಿಂತಾನ!" ಆಕೆ ನಕ್ಕರು, ಆ ಸಂಜೆ ನಕ್ಕದ್ದು ಅದೊಂದೇ ಸಲ. "ಅದಕ್ಕ ನಾವೊಂದು ಮಾಡೀವಿ. ಮ ಇತ್ತಂದ್ರ ಮೂಗು ಮುಟ್ಟಕೊಳ್ಳೂದು. ಮುಟ್ಟಲಿಲ್ಲಂದ್ರ ಬ. ಎಲ್ಲಾ 'ಮ'ಕ್ಕೂ ಬ್ಯಾಡ್ರಿ ಮತ್ತ, ಮೂಗು ಸವದ ಹೋದೀತು. ಗೊಂದಲ ಆಗೂವಲ್ಲೆ ಅಷ್ಟ."

ವೈನಿಯೂ ನಾನೂ ಅಲ್ಲೇ ಮೂಗು ಮುಟ್ಟಿ ಮುಟ್ಟಿ ಮಾತಾಡಿ ನೋಡಿದೆವು. ಮಗ್ಗಿ, ಬಗ್ಗಿ. ಮಳೆ, ಬಳೆ. ಮರೆ, ಬರೆ. ಚಹಾ ಆರಿ ತಣ್ಣಗಾಯಿತು.

ಮರುದಿನ ನಾನು ಆ ಒಂದೂವರೆ ಹಾಳೆ ಬರೆದೆ. ಅದಕ್ಕೆ ಆಗ ಹೆಸರಿರಲಿಲ್ಲ. ಸುಮ್ಮನೆ 'ನೋಟು' ಎಂದೆ. ರಾಯರ ಬೆನ್ನು ಗೋಡೆಗೆ, ಮುಖ ಬಾಗಿಲಿಗೆ ಬರುವಂತೆ ಮೇಜು ತಿರುಗಿಸಬೇಕು. ಬೆನ್ನ ಹಿಂದಿನಿಂದ ಯಾರೂ ಏನೂ ಹೇಳಬಾರದು, ಮುಂದೆ ಬಂದು ಮೇಜು ತಟ್ಟಬೇಕು. ಕೆಲಸದ ಮಾತು ಏನಿದ್ದರೂ ಚೀಟಿಯಲ್ಲಿ ಬರೆದು ಕೊಡಬೇಕು. ಟೆಲಿಫೋನು ಅವರ ಪಾಲಿಗೆ ಬೇಡ, ಬದಲಿಗೆ ಹಳೆ ಕಡತಗಳ ಸೂಚಿ ಬರೆಯುವ ಕೆಲಸ ಅವರಿಗಿರಲಿ. ಅದನ್ನು ಮಾಡಲು ಎಲ್ಲರೂ ಅಳುತ್ತಿದ್ದರು. ಅವರ ಜೊತೆ ಮಾತಾಡುವವರ ಮುಖದ ಮೇಲೆ ಬೆಳಕು ಬೀಳಬೇಕು, ಅದಕ್ಕೆ ಮೇಜು ಕಿಟಕಿಯ ಪಕ್ಕ ಬರಬೇಕು. ಎದುರು ಕುರ್ಚಿಯಲ್ಲಿ ಅವರ ಭಾಷೆ ಬಲ್ಲವರು ಕೂಡಬೇಕು. ಮೂಗಿನ ವಿಷಯ ಬರೆಯಲಿಲ್ಲ. ಸರಕಾರಿ ನೋಟಿನಲ್ಲಿ ಮೂಗು ಹೇಗೆ ಬರೆಯುವುದು?

ನಮ್ಮ ಹೆಡ್‌ಕ್ಲಾರ್ಕನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಕೆಟ್ಟ ಮನುಷ್ಯ ಅಲ್ಲ. ಕೆಟ್ಟವನಾಗಲಿಕ್ಕೂ ಸ್ವಲ್ಪ ಧೈರ್ಯ ಬೇಕಲ್ಲ, ಅದು ಅವರಲ್ಲಿರಲಿಲ್ಲ. ನೋಟು ಓದಿ, ಕನ್ನಡಕ ಒರೆಸಿ, "ಬೇನ್, ಇದನ್ನು ಯಾವ ರೂಲಿನ ಕೆಳಗೆ ಹಾಕಲಿ?" ಎಂದು ಕೇಳಿದರು. ಅಂಥ ರೂಲು ಯಾವುದೂ ಇರಲಿಲ್ಲ. ಮೇಜು ತಿರುಗಿಸುವ ಮಾತು ಇದೆಯಲ್ಲ ಎಂದು ಮೇಜು-ಕುರ್ಚಿ ಫೈಲಿಗೆ ಸೇರಿಸಿದರು. ಒಬ್ಬ ಮನುಷ್ಯನ ಬಾಳು ಎರಡು ಮುರುಕು ಸ್ಟೂಲು, ಒಂದು ಬಾಗಿಲಿಲ್ಲದ ಬೀರುವಿನ ಲೆಕ್ಕದ ನಡುವೆ ಹೋಗಿ ಕೂತಿತು.

ಮೊದಲ ನಾಲ್ಕು ತಿಂಗಳು, ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿ ನಡೆಯಿತು. ಚೀಟಿ ಬರೆಯುವುದು ಎಲ್ಲರಿಗೂ ಹಿಡಿಸಿತು. ಬರೆದು ಕೊಟ್ಟ ಮಾತು ಮರೆಯುವುದಿಲ್ಲ, ಜಗಳ ಇಲ್ಲ. ರಾಯರು ಐದು ವರ್ಷದ ಸೂಚಿ ಬರೆದು ಮುಗಿಸಿದರು, ಮುತ್ತು ಪೋಣಿಸಿದಂಥ ಅಕ್ಷರ. ತಿರುಗಿ ನಗುವುದನ್ನೂ ಕಲಿತರು. "ಬಾಯಾರ, ಕಿವುಡಗೂ ಒಂದ ಸುಖ ಐತಿ ನೋಡ್ರಿ. ಕಾಕಾನ ಕೆಮ್ಮು ಕೇಳಸಂಗಿಲ್ಲ," ಅನ್ನುತ್ತಿದ್ದರು. ದನಿ ತಮಗೇ ಕೇಳುತ್ತಿರಲಿಲ್ಲವಾದ್ದರಿಂದ ಇಡೀ ಕಚೇರಿಗೆ ಕೇಳುವಂತೆ ಅನ್ನುತ್ತಿದ್ದರು. ಕನ್ನಡ ಆದದ್ದಕ್ಕೆ ಕಾಕಾ ಬದುಕಿದರು.

ಆದರೆ ಆ ಕಿಟಕಿ. ಕಿಟಕಿಯ ಪಕ್ಕ ಮೊದಲು ಇನ್ನೊಬ್ಬ ಗುಮಾಸ್ತ ಕೂತಿರುತ್ತಿದ್ದ. ನನ್ನ ನೋಟಿನಿಂದ ಅವನ ಜಾಗ ಹೋಗಿ ಒಳಗೋಡೆಗೆ ಬಿತ್ತು. ಬರೋಡಾದ ಚೈತ್ರ-ವೈಶಾಖದಲ್ಲಿ ಕಿಟಕಿ ಕಳೆದುಕೊಳ್ಳುವುದೆಂದರೇನು ಎಂದು ಅಲ್ಲಿ ಬೆವರಿದವರಿಗೇ ಗೊತ್ತು. "ಬಹೇರಾ ಮಾಣಸ್‌ನುಂ ಆಫಿಸ್‌ಮಾಂ ಶುಂ ಕಾಮ್?" ಕಿವುಡನಿಗೆ ಕಚೇರಿಯಲ್ಲೇನು ಕೆಲಸ, ಎಂದು ದಿನಾ ಗೊಣಗುತ್ತಿದ್ದ. ಅದಕ್ಕೆ ಯಾರೂ ಸೊಪ್ಪು ಹಾಕದಿದ್ದಾಗ ಬೇರೆ ದಾರಿ ಹಿಡಿದ.

ಯೋಚಿಸಿ ನೋಡಿ. ಮದುವೆಯಾಗದ ಮೂವತ್ತರ ಹೆಣ್ಣು. ಎದುರಿಗೆ ಮದುವೆಯಾದ ಗಂಡಸು. ದಿನವಿಡೀ ಅವನ ಕಣ್ಣು ಅವಳ ತುಟಿಯ ಮೇಲೆ. ಅವಳು ನಡುನಡುವೆ ಮೂಗು ಮುಟ್ಟಿಕೊಳ್ಳುತ್ತಾಳೆ, ಅವನು ತಲೆಯಾಡಿಸುತ್ತಾನೆ. ಆಡುವ ಬಾಯಿಗೆ ಇಷ್ಟು ಸಾಲದೇ? ಒಂದು ದಿನ ನಾನು ನೀರು ಕುಡಿಯಲು ಎದ್ದಾಗ ಬೆನ್ನ ಹಿಂದೆ ಹಾಡಿನಂತೆ ಕೇಳಿತು: "ಬೇನ್ ನಾಕ್‌ನೇ ಅಡೇ, ನೇ ಭಾಯಿ ದೋಡೇ." ಅಕ್ಕ ಮೂಗು ಮುಟ್ಟಿದರೆ ಅಣ್ಣ ಓಡಿ ಬರುತ್ತಾನಂತೆ. ಇಡೀ ಕೋಣೆ ನಕ್ಕಿತು. ರಾಯರು ನಗುವ ಮುಖಗಳನ್ನು ನೋಡಿ, ಏನೋ ಜೋಕು ನಡೆದಿದೆ ಎಂದು ತಾವೂ ನಕ್ಕರು. ಅದನ್ನು ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಎಲುಬಿಲ್ಲದ ನಾಲಿಗೆ, ನಾವಿದ್ದ ರೈಲ್ವೆ ಕಾಲನಿಗೆ ಸುದ್ದಿ ಬರಲು ಎಷ್ಟು ಹೊತ್ತು? ಅಣ್ಣ ನನ್ನನ್ನು ಎದುರಿಗೆ ಕೂಡಿಸಿಕೊಂಡ.

"ಆ ಕುರ್ಚಿ ಬಿಡು," ಎಂದ.

"ಅಣ್ಣಾ, ನಾ ಕುರ್ಚಿ ಬಿಟ್ರ ಅವರ ನೌಕರಿ ಹೋಗತದ."

"ನೀ ಬಿಡದಿದ್ರ ನಿನ್ನ ಲಗ್ನ ಹೋಗತದ. ಅಹಮದಾಬಾದಿನಿಂದ ನೋಡಾಕ ಬರಾಕತ್ತಾರ. ಹುಡುಗ ನವರಂಗಪುರದಾಗ ಬ್ಯಾಂಕಿನಾಗ ಅದಾನ, ನಮ್ಮ ಹುಬ್ಬಳ್ಳಿ ಕಡೆಯವರ. ಮಂದಿ ಬಾಯಿಗೆ ಬೀಗ ಹಾಕಲಿಕ್ಕೆ ನನ್ನ ಕೈಲಿ ಆಗಂಗಿಲ್ಲ, ತಂಗಿ. ನಿನ್ನ ಕುರ್ಚಿ ಸರಸೂದು ನಿನ್ನ ಕೈಯಾಗೈತಿ."

ವೈನಿ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದರು. ಏನಾದರೂ ಅಂದಾರು ಎಂದು ನೋಡಿದೆ. ಒಳಗೆ ಹೋಗಿ ಒಲೆ ಊದಿದರು.

ನಾನು ಕುರ್ಚಿ ಬಿಡಲಿಲ್ಲ. ಅದಕ್ಕಿಂತ ಹೇಡಿ ಕೆಲಸ ಮಾಡಿದೆ. ಒಂದು ಮೊಳ ಓರೆ ಮಾಡಿ ಸರಿಸಿದೆ, ನನ್ನ ಅರ್ಧ ಮುಖ ಮಾತ್ರ ಅವರಿಗೆ ಕಾಣುವಂತೆ. ಮರುದಿನ ರಾಯರು ತಮ್ಮ ಕುರ್ಚಿಯನ್ನೂ ಒಂದು ಮೊಳ ಸರಿಸಿಕೊಂಡರು. ಪಾಪ, ಅವರಿಗೆ ಬಾಯಿ ಕಾಣಬೇಕಿತ್ತು. ಕೋಣೆಯಲ್ಲಿ ಖಿಕ್ಕೆಂಬ ನಗು. ನಾನು ಇನ್ನೊಂದು ಗೇಣು ಸರಿದೆ. ಅವರು ನನ್ನನ್ನು ಒಂದು ಸಲ ನೋಡಿದರು, ಮತ್ತೆ ಸರಿಯಲಿಲ್ಲ. ಮೂಗು ಮುಟ್ಟುವುದನ್ನಂತೂ ಬಿಟ್ಟೇಬಿಟ್ಟೆ. ಯಾಕೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮಾತು ದಿನಕ್ಕೆ ನಾಲ್ಕೋ ಐದೋ, ಅಷ್ಟೇ.

ಆರನೆಯ ತಿಂಗಳಲ್ಲಿ ಆ ಪತ್ರದ ಅವಾಂತರವಾಯಿತು. ಅಹಮದಾಬಾದಿಗೆ ಹೋಗಬೇಕಾದ ಪತ್ರವೊಂದರ ಕರಡಿನ ಅಂಚಿನಲ್ಲಿ ಕಾಕಾ ಪೆನ್ಸಿಲಿನಿಂದ ಏನೋ ಗೀಚಿದ್ದರು. 'ಈ ಸಾಹೇಬರಿಗೆ ಮೂರು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ' ಎಂಬರ್ಥದ್ದು. ಅದನ್ನು ಅಳಿಸಿ ಬೇರೆ ಟೈಪು ಮಾಡಿಸಿ ಕಳಿಸಬೇಕಿತ್ತು. ಕಿಟಕಿ ಕಳೆದುಕೊಂಡ ಆ ಗುಮಾಸ್ತ ಕರಡನ್ನೇ ರಾಯರ ಅಂಚೆ ಟ್ರೇಗೆ ಹಾಕಿದ್ದ. ತಪ್ಪು ಹೊಳೆದಾಗ ತನ್ನ ಜಾಗದಿಂದ ಏಳದೆ, ಫೈಲು ಕಟ್ಟುತ್ತ ಗೋಡೆಗೆ ಮುಖ ಮಾಡಿ ನಿಂತಿದ್ದ ರಾಯರ ಬೆನ್ನಿಗೆ ಕೂಗಿದ: "ಪೇಲೋ ಕಾಗಳ್ ರೋಕ್‌ಜೋ!" ಆ ಕಾಗದ ತಡೆಯಿರಿ ಎಂದು. ಚೀಟಿಯಿಲ್ಲ, ಮೇಜು ತಟ್ಟಲಿಲ್ಲ. ನಾನು ಆಗ ಒಳಗೆ ಟೈಪ್‌ರೈಟರಿನ ಮುಂದೆ ಇದ್ದೆ. ಕಾಗದ ಅಂಚೆಗೆ ಹೋಯಿತು, ಅಹಮದಾಬಾದು ಮುಟ್ಟಿತು, ಸಾಹೇಬರು ಓದಿದರು. ತಡೆಯಲು ಹಿಂದಿನಿಂದ ಕೂಗಿದ್ದೆ ಎಂದು ಆ ಗುಮಾಸ್ತ ರಾಯರಿಗೆ ಚೀಟಿ ಬರೆದದ್ದು ಆಮೇಲೆ.

ಪರೀಕ್ಷೆಗೆ ಹೇಗೂ ಬರಬೇಕಿದ್ದ ಸಾಹೇಬರು ಈಗ ಕೆಂಡದಂತಾಗಿ ಬರುತ್ತಾರೆ ಎಂದು ಗೊತ್ತಾಯಿತು. ಕಾಕಾ ಬಾಗಿಲು ಹಾಕಿಸಿದರು. ಎಲ್ಲರನ್ನೂ ಕರೆದು ಒಂದು ಮಾತು ಕಟ್ಟಿದರು: ಆ ಕರಡು ಕಟ್ಟಿನಲ್ಲಿ ಹೇಗೋ ಸೇರಿಹೋಯಿತು, ಅಂಚಿನಲ್ಲಿ ಗೀಚಿದ್ದು ಯಾರು, ಕಳಿಸಿದ್ದು ಯಾರು, ಯಾರಿಗೂ ಗೊತ್ತಿಲ್ಲ. ಇದರಿಂದ ಕಾಕಾನೂ ಬದುಕುತ್ತಿದ್ದರು, ರಾಯರೂ ಬದುಕುತ್ತಿದ್ದರು. ರಾಯರಿಗೆ ಇದನ್ನು ಚೀಟಿಯಲ್ಲಿ ಬರೆದು ತಿಳಿಸೋಣವೆಂದೆ. "ಬರೆಯಬೇಡ ಬೇನ್, ಕಾಗದ ಉಳಿಯುತ್ತದೆ," ಎಂದರು ಕಾಕಾ. "ಬಾಯಲ್ಲಿ ಹೇಳು." ನಾಳೆ ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡೆ. ಓರೆಯಾಗಿದ್ದ ಕುರ್ಚಿಯನ್ನು ಎಲ್ಲರೆದುರು ನೆಟ್ಟಗೆ ಮಾಡಿ ಅಷ್ಟುದ್ದ ಮಾತಾಡಲು ನನಗೆ ಆ ದಿನ ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಸಾಹೇಬರು ಮೊದಲ ಗಾಡಿಗೇ ಬಂದು ಕಾಕಾನ ಕುರ್ಚಿಯಲ್ಲಿ ಕೂತಿದ್ದರು.

ರಾಯರನ್ನು ಕರೆದರು. ನನ್ನನ್ನು ಅವರ ಎದುರಿಗೆ ನಿಲ್ಲಿಸಿದರು. ಗುಮಾಸ್ತರೆಲ್ಲ ಸುತ್ತ ನಿಂತಿದ್ದರು. ಸಾಹೇಬರು ಸೂಚಿಯ ಪುಸ್ತಕ ತಿರುವಿ ನೋಡಿದರು, ಅಕ್ಷರ ಮೆಚ್ಚಿದರು. ಚೀಟಿಗಳ ಕಟ್ಟು ನೋಡಿದರು, ಹೂಂ ಅಂದರು. ಎಲ್ಲ ಗೆದ್ದಂತೆಯೇ ಇತ್ತು. ಆಮೇಲೆ ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು: ಕಿವಿಯ ಕಾರಣದಿಂದ ಕೆಲಸದಲ್ಲಿ ಏನಾದರೂ ತೊಂದರೆಯಾಗಿದೆಯೋ, ಕೇಳಿ ಹೇಳಿ.

ನಾನು ರಾಯರ ಕಡೆ ತಿರುಗಿದೆ. "ಕಿವಿಯಿಂದ ಕೆಲಸಕ್ಕ ತ್ರಾಸ ಆಗೇದೇನು ಅಂತ ಕೇಳತಾರ," ಎಂದೆ. "ಆ ಪತ್ರ ಮರೀರಿ."

ಮರೀರಿ. ಮ. ಕೈ ಮೂಗಿಗೆ ಹೋಗಬೇಕು. ಹೊರಟಿತ್ತು ಕೂಡ. ಅಷ್ಟರಲ್ಲಿ ಸಾಹೇಬರ ಹಿಂದೆ ನಿಂತಿದ್ದ ಆ ಕಿಟಕಿಯ ಗುಮಾಸ್ತ ನನ್ನನ್ನೇ ನೋಡುತ್ತ, ಮೆಲ್ಲಗೆ, ತನ್ನ ಬೆರಳನ್ನು ತನ್ನ ಮೂಗಿನ ಮೇಲಿಟ್ಟು ಹುಬ್ಬು ಹಾರಿಸಿದ. ನನ್ನ ಕೈ ಅಲ್ಲೇ ನಿಂತು ಮೇಜಿನ ಮೇಲೆ ಕೂತಿತು.

ರಾಯರು ನನ್ನ ತುಟಿ ನೋಡಿದರು, ಮೂಗು ನೋಡಿದರು, ಮೇಜಿನ ಮೇಲಿದ್ದ ಕೈ ನೋಡಿದರು. ಒಂದು ಗಳಿಗೆ ಕಾದರು. ನನಗೆ ಒಮ್ಮೆ ಮುಗಿದರೆ ಸಾಕಾಗಿತ್ತು. ಹೂಂ, ಹೂಂ ಎಂದು ತಲೆಯಾಡಿಸಿದೆ. ಅವರು ಉದ್ದಕ್ಕೆ ಉಸಿರುಬಿಟ್ಟು ಜೇಬಿನಿಂದ ಪೆನ್ನು ತೆಗೆದರು.

ಆ ಪತ್ರ ಬರೀರಿ. ಅವರಿಗೆ ಕಂಡದ್ದು ಅದು.

ಬರೆದರು. ತೊಂದರೆ ಇಲ್ಲ ಎಂದು ಬರೆಯುತ್ತಿದ್ದಾರೆ ಅಂದುಕೊಂಡೆ. ಎರಡನೆಯ ಸಾಲಿಗೆ ಆ ಕರಡಿನ ನಂಬರು ಕಂಡಿತು. ಇಂಥ ಪತ್ರವನ್ನು ಕಳಿಸಿದವನು ನಾನು, ತಡೆಯಿರಿ ಎಂದು ಹಿಂದಿನಿಂದ ಹೇಳಿದ್ದರಂತೆ, ನನಗೆ ಕೇಳಲಿಲ್ಲ, ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ. ಮುತ್ತಿನಂಥ ಅಕ್ಷರದಲ್ಲಿ, ಕೆಳಗೆ ರುಜು ಹಾಕಿ, ಎರಡೂ ಕೈಯಿಂದ ಸಾಹೇಬರಿಗೆ ಕೊಟ್ಟರು.

ಆಗಲಾದರೂ ಬಾಯಿ ತೆರೆಯಬಹುದಿತ್ತು. ಸಾಹೇಬರೇ, ನಾನು ಹೇಳಿದ್ದು ಒಂದು, ಅವರು ತಿಳಿದದ್ದು ಒಂದು, ಅನ್ನಬಹುದಿತ್ತು. ನೀನು ಹೇಳಿದ್ದೇನು ಎಂದು ಕೇಳುತ್ತಿದ್ದರು. ಮುಚ್ಚಿಡಲು ಹೇಳಿದೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಯಾಕೆ ತಪ್ಪು ತಿಳಿದರು ಎಂದರೆ ಮೂಗಿನ ಕತೆ ಹೇಳಬೇಕಾಗುತ್ತಿತ್ತು, ಆ ನಗುವ ಮಂದಿಯ ಮುಂದೆ. ಕಾಕಾ ನನ್ನನ್ನು ನೋಡಿದರು, ನಾನು ನೆಲ ನೋಡಿದೆ. "ಈ ಕಚೇರಿಯಲ್ಲಿ ಒಬ್ಬನಾದರೂ ಪ್ರಾಮಾಣಿಕ ಇದ್ದಾನೆ," ಎಂದು ಸಾಹೇಬರು ರಾಯರ ಬೆನ್ನು ತಟ್ಟಿ, ಕಾಗದ ಮಡಿಸಿ ಕೋಟಿನ ಜೇಬಿಗೆ ಹಾಕಿದರು.

ತಿಂಗಳೊಳಗೆ ಆದೇಶ ಬಂತು. ನೌಕರನೇ ಸ್ವಂತ ಕೈಬರಹದಲ್ಲಿ ಒಪ್ಪಿಕೊಂಡಿರುವಂತೆ, ಕಿವಿಯ ದೋಷದಿಂದ ಕೆಲಸಕ್ಕೆ ಬಾಧೆಯಾಗಿದೆ. ಆದ್ದರಿಂದ ಇತ್ಯಾದಿ. ಪ್ರಾಮಾಣಿಕತೆಗೆ ಸಿಕ್ಕ ಬಹುಮಾನ ನೋಡಿ.

ಆದೇಶ ಓದಿದ ದಿನ ರಾಯರು ನನ್ನ ಮೇಜಿನ ಹತ್ತಿರ ಬಂದರು. ಬೈಯಲಿ ಎಂದು ಕಾದೆ. "ನೀವು ಬರೀರಿ ಅಂದ್ರಿ, ಬರದೆ," ಎಂದರು. "ಒಂದ ಗಳಿಗಿ ನನಗೂ ಸಂಶಯ ಬಂತು. ಆದ್ರ ಬಾಯಾರು ಸುಮ್ಮನ ಹೇಳಂಗಿಲ್ಲ ಅಂದಕೊಂಡೆ. ಛಲೋನ ಆತು ಬಿಡ್ರಿ. ಮುಚ್ಚಿಟಗೊಂಡು ಕೂಡೂದು ನನ್ನ ಕೈಲಿ ಆಗತಿದ್ದಿಲ್ಲ."

ಹೇಳಲೇ? ಹೇಳಿದರೆ ಕುರ್ಚಿ ತಿರುಗಿ ಬರುತ್ತದೆಯೇ? ಹೀಗೆಲ್ಲ ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಹೋದ ಮಾತಿಗೆ ಗಾದೆ ಏನಿದೆಯೋ ನನಗೆ ಗೊತ್ತಿಲ್ಲ.

ಮುಂದಿನದನ್ನೂ ಹೇಳಿಬಿಡುತ್ತೇನೆ. ಕಿಟಕಿ ಆ ಗುಮಾಸ್ತನಿಗೆ ತಿರುಗಿ ಸಿಕ್ಕಿತು. ನವರಂಗಪುರದ ಬ್ಯಾಂಕಿನವರು ಬಂದು ಅವಲಕ್ಕಿ ತಿಂದು, ಹುಡುಗಿಯ ಬಣ್ಣ ಕಪ್ಪು ಎಂದು ಹೇಳಿ ಕಳಿಸಿದರು. ಯಾವ ಲಗ್ನಕ್ಕಾಗಿ ನಾನು ಕುರ್ಚಿ ಸರಿಸಿದೆನೋ ಆ ಲಗ್ನ ಮೂಗಿನಿಂದಲ್ಲ, ಮೈಬಣ್ಣದಿಂದ ಮುರಿಯಿತು. ಆಮೇಲೆ ಯಾವುದೂ ಕೂಡಿಬರಲಿಲ್ಲ, ನಾನೂ ಬೇಡ ಅಂದೆ. ಒಂದು ವರ್ಷದ ಮೇಲೆ ಅಹಮದಾಬಾದಿನಿಂದ ಎಲ್ಲ ಕಚೇರಿಗಳಿಗೂ ಸೈಕ್ಲೋಸ್ಟೈಲ್ ಮಾಡಿದ ಸುತ್ತೋಲೆ ಬಂತು: ಕಿವಿ ಮಂದವಾದ ನೌಕರರಿದ್ದಲ್ಲಿ ಹೀಗೆ ಹೀಗೆ ಮಾಡತಕ್ಕದ್ದು. ಓದುತ್ತ ಹೋದೆ, ನನ್ನವೇ ಸಾಲುಗಳು. ಮೇಜು-ಕುರ್ಚಿ ಫೈಲಿನಿಂದ ಸಾಹೇಬರು ನಕಲು ಮಾಡಿಸಿಕೊಂಡು ಹೋಗಿದ್ದರಂತೆ. ಎದುರಿಗೆ ಅವರ ಭಾಷೆ ಬಲ್ಲವರು ಕೂಡಬೇಕು ಎಂಬ ಸಾಲೊಂದನ್ನು ತೆಗೆದುಹಾಕಿದ್ದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇವರು ಆ ಬಾಗಿಲಿನ ಅಗುಳಿಯನ್ನೂ ಕಿತ್ತು ಹಾಕಿದ್ದರು. ಕಾಕಾ ನನ್ನನ್ನು ಕರೆದು, "ಶಾಬಾಶ್ ಬೇನ್," ಎಂದರು. ನಾನು ಎದ್ದು ಬಂದೆ.

ಸ್ಟೇಷನ್ನಿನ ಮಾತೊಂದು ಉಳಿದಿದೆ. ಅದನ್ನು ಹೇಳದೆ ತಪ್ಪಿಸಿಕೊಳ್ಳಬಹುದು ಎಂದು ಇಲ್ಲಿಯವರೆಗೂ ನೋಡಿದೆ.

ರಾಯರಿಗೆ ಸೂರತ್ತಿನ ಒಂದು ಮಗ್ಗದ ಕಾರ್ಖಾನೆಯಲ್ಲಿ ಬಟ್ಟೆಯ ಗಂಟುಗಳಿಗೆ ಚೀಟಿ ಬರೆಯುವ ಕೆಲಸ ಸಿಕ್ಕಿತ್ತು. ಅವರು ಹೊರಡುವ ದಿನ ಕಚೇರಿಗೆ ರಜೆ ಹಾಕಿ ಬರೋಡಾ ಸ್ಟೇಷನ್ನಿಗೆ ಹೋದೆ. ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಹುಡುಗಿಯರ ಕೈಯಲ್ಲಿ ನೀರಿನ ತಂಬಿಗೆ. ನನ್ನನ್ನು ನೋಡಿ ರಾಯರು ದೊಡ್ಡ ದನಿಯಲ್ಲಿ, "ಬರ್ರಿ ಬಾಯಾರ! ಸೂರತ್ತಿನ್ಯಾಗ ಮಗ್ಗದ ಸಪ್ಪಳಕ್ಕ ಎಲ್ಲಾರೂ ಕಿವುಡರ ಅಂತ. ಎಲ್ಲಾರೂ ಕೈ ಮಾಡಿ ಮಾತಾಡತಾರಂತ. ಅಲ್ಲೆ ನಾ ಒಬ್ಬನ ಅಲ್ಲ ನೋಡ್ರಿ," ಎಂದು ನಕ್ಕರು. ಪ್ಲಾಟ್‌ಫಾರಮ್ಮಿನಲ್ಲಿ ಜನ ತಿರುಗಿ ನೋಡಿದರು.

ಹೇಳಿಯೇಬಿಡಬೇಕು ಎಂದು ಹೋಗಿದ್ದೆ. ಹೇಳಲಾಗಲಿಲ್ಲ. ಮುಖಾಮುಖಿ ಆಗದ್ದು ಕಾಗದದಲ್ಲಿ ಆದೀತು ಅನಿಸಿತು. ಅವರು ವಿಳಾಸ ಹಾಕಿ ಒಂದು ಪತ್ರ ಬರೆದರೆ, ಉತ್ತರದಲ್ಲಿ ಎಲ್ಲ ಬಿಚ್ಚಿ ಬರೆದುಬಿಡುತ್ತೇನೆ. ಗಾಡಿ ಕೂಗಿತು. ಅವರು ಬಾಗಿಲಲ್ಲಿ ನಿಂತರು, ಹೆಂಡತಿ ಅವರ ಪಕ್ಕ ಕಿಟಕಿಯಲ್ಲಿ. ನನಗೆ ಅಳು ತಡೆಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, "ರಾಯರ, ಪತ್ರ ಬರೀರಿ," ಎಂದೆ.

ರಾಯರು ನನ್ನನ್ನು ನೋಡಿದರು. ಮುಖ ಮೆತ್ತಗಾಯಿತು. "ಮರ್ತೇನ್ರಿ ಬಾಯಾರ," ಎಂದರು. "ಆ ಪತ್ರ ಅವತ್ತ ಮರ್ತೇನಿ. ನೀವೂ ಮನಸಿಗೆ ಹಚ್ಚಿಕೋಬ್ಯಾಡ್ರಿ."

ಅವರ ಹೆಂಡತಿಗೆ ಕಿವಿ ಇತ್ತು. ನಾನು ಅಂದದ್ದೂ ಕೇಳಿತ್ತು, ಅವರು ಅಂದದ್ದೂ ಕೇಳಿತ್ತು. ಗಂಡನ ಭುಜ ತಟ್ಟಿ ತಿದ್ದಬಹುದಿತ್ತು. ತಿದ್ದಲಿಲ್ಲ. ಗಾಡಿ ಹೊರಟು ಪ್ಲಾಟ್‌ಫಾರಮ್ಮು ಮುಗಿಯುವವರೆಗೂ ಆಕೆ ನನ್ನ ಕೈಯನ್ನೇ ನೋಡುತ್ತಿದ್ದರು. ಅದು ಇನ್ನೂ ಮೂಗಿನ ಮೇಲೆಯೇ ಇತ್ತು.